ಕಣ್ಣಿನ ಕೆಂಪು ಇಳಿದರೆ ಒಳಗಿನ ಊತವೂ ಇಳಿಯಿತೇ?

ಕಣ್ಣು ಕೆಂಪಾದರೆ ಈರುಳ್ಳಿ ರಸಕ್ಕೆ ಜೇನು ಬೆರೆಸಿ ಎರಡು ಹನಿ ಹಾಕಿ ಎಂಬಂಥ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಲೇ ಇರುತ್ತವೆ. ಬಾಯಿಂದ ಬಾಯಿಗೆ ಹೋಗುವ ಸಲಹೆ ಇನ್ನೊಂದಿದೆ: ಪಕ್ಕದ ಮನೆಯವರಿಗೆ ಡಾಕ್ಟರು ಬರೆದುಕೊಟ್ಟ ಡ್ರಾಪ್ಸನ್ನೇ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ಹಾಕಿಕೊಳ್ಳುವುದು. ಎರಡು ದಿನಕ್ಕೆ ಕೆಂಪು ಇಳಿದರೆ ಕಾಯಿಲೆ ಹೋಯಿತು ಎಂದು ಸುಮ್ಮನಾಗುತ್ತೇವೆ. ಆದರೆ ಕೆಲವರಲ್ಲಿ ನಿಜವಾದ ತೊಂದರೆ ಕಣ್ಣಿನ ಹಿಂಭಾಗದಲ್ಲಿ, ನೋವೇ ಇಲ್ಲದೆ ಮುಂದುವರಿಯುತ್ತಿರುತ್ತದೆ.

ಕಣ್ಣಿನೊಳಗೆ ಊತ ಹೇಗೆ ಬರುತ್ತದೆ?

ಕಣ್ಣಿನ ಗೋಡೆಯ ನಡುವಿನ ಪದರದಲ್ಲಿ ರಕ್ತನಾಳಗಳು ತುಂಬಿರುತ್ತವೆ. ಅದರಲ್ಲಿ ಉರಿಯೂತವಾದರೆ ಅದಕ್ಕೆ ಯುವೈಟಿಸ್ ಎನ್ನುತ್ತಾರೆ. ಉರಿಯೂತ ಇರುವಾಗ ಸಣ್ಣ ರಕ್ತನಾಳಗಳಿಂದ ನೀರು ಸೋರಿ ಅಕ್ಷಿಪಟಲದ ನಡುಭಾಗದಲ್ಲಿ, ಅಂದರೆ ಮ್ಯಾಕುಲಾದಲ್ಲಿ ನಿಲ್ಲುತ್ತದೆ. ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗೆ ಬಂದವರ ಮುಖ ಗುರುತಿಸುವುದು ಎಲ್ಲವೂ ನಡೆಯುವುದು ಈ ಜಾಗದಿಂದಲೇ. ಅದರ ದಪ್ಪ ಸುಮಾರು ಕಾಲು ಮಿಲಿಮೀಟರ್ ಮಾತ್ರ. ನೀರು ಕುಡಿದ ಹಲಗೆಯಂತೆ ಅದು ಉಬ್ಬಿದಾಗ ನೋಟದ ನಡುಭಾಗ ಮಸುಕಾಗುತ್ತದೆ, ನೇರ ಗೆರೆಗಳು ಡೊಂಕಾಗಿ ಕಾಣುತ್ತವೆ. ಊತ ಬಹಳ ದಿನ ಹಾಗೆಯೇ ಉಳಿದರೆ ಅಲ್ಲಿನ ನರಕೋಶಗಳು ಹಾಳಾಗುತ್ತವೆ. ಆಮೇಲೆ ಊತ ಇಳಿದರೂ ಹೋದ ದೃಷ್ಟಿ ಪೂರ್ತಿ ಮರಳದೇ ಇರಬಹುದು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಗೋಡೆಯ ಕ್ಯಾಲೆಂಡರಿನ ಚೌಕಗಳನ್ನು ನೋಡಿ. ಆಮೇಲೆ ಕಣ್ಣು ಬದಲಿಸಿ. ಗೆರೆ ಬಾಗಿದಂತೆ ಅಥವಾ ನಡುವೆ ಅಳಿಸಿದಂತೆ ಕಂಡರೆ ತಡಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಎಲ್ಲ ಸರಿಯಾಗಿ ಕಂಡರೂ ಊತವಿಲ್ಲ ಎಂದು ಇದರಿಂದ ಖಚಿತವಾಗುವುದಿಲ್ಲ. ಅದನ್ನು ಅಳೆಯುವುದು ಓಸಿಟಿ ಸ್ಕ್ಯಾನ್. ಕಣ್ಣಿಗೆ ಏನನ್ನೂ ಚುಚ್ಚದೆ, ಬೆಳಕಿನಿಂದಲೇ ಕೆಲವು ನಿಮಿಷಗಳಲ್ಲಿ ಮುಗಿಯುವ ಪರೀಕ್ಷೆ ಇದು.

ಮೊದಲು ಕಾರಣ, ಆಮೇಲೆ ಔಷಧ

ಯುವೈಟಿಸ್‌ಗೆ ಒಂದೇ ಕಾರಣವಿಲ್ಲ. ದೇಹದ ರೋಗನಿರೋಧಕ ಶಕ್ತಿ ತನ್ನ ಕಣ್ಣಿನ ಮೇಲೆಯೇ ತಿರುಗಿ ಬೀಳುವುದು ಒಂದು. ಕ್ಷಯ, ಸಿಫಿಲಿಸ್, ಟಾಕ್ಸೋಪ್ಲಾಸ್ಮಾದಂಥ ಸೋಂಕುಗಳು ಇನ್ನೊಂದು. ಇಲಿ ಜ್ವರವೂ ಈ ಪಟ್ಟಿಯಲ್ಲಿದೆ. 1993ರಲ್ಲಿ ಮಧುರೈ ಸುತ್ತ ಪ್ರವಾಹ ಬಂದ ನಂತರ ಇಲಿ ಜ್ವರ ಹರಡಿ, ಅದರಿಂದ ಯುವೈಟಿಸ್ ಆದ 73 ಜನರ ಬಗ್ಗೆ ಅಲ್ಲಿನ ಅರವಿಂದ ಕಣ್ಣಿನ ಆಸ್ಪತ್ರೆಯ ವೈದ್ಯರು ವರದಿ ಮಾಡಿದ್ದರು. ಇಲಿಯ ಮೂತ್ರ ಸೇರಿದ ನೀರಿನಲ್ಲಿ ಬರಿಗಾಲಲ್ಲಿ ನಿಂತು ಕೆಲಸ ಮಾಡುವವರಿಗೆ ಈ ಜ್ವರ ತಗಲಬಹುದು. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಚನ್ನಗಿರಿ, ಹೊನ್ನಾಳಿ ಕಡೆಯ ರೈತರು, ಕೂಲಿಯವರು ಇದನ್ನು ನೆನಪಿಡಬೇಕು. ಜ್ವರ ಬಂದು ಹೋಗಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಕಣ್ಣು ಕೆಂಪಾದರೆ, ಹಿಂದೆ ಜ್ವರ ಬಂದಿದ್ದನ್ನು ಡಾಕ್ಟರಿಗೆ ಹೇಳಿ.

ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ ಬರೆದುಕೊಟ್ಟರೆ "ಕಣ್ಣಿಗೂ ಎದೆಗೂ ಏನು ಸಂಬಂಧ" ಎಂದು ಕೆಲವರು ಬಿಟ್ಟುಬಿಡುತ್ತಾರೆ. ಸಂಬಂಧ ಇದೆ. ಸೋಂಕು ಇರುವಾಗ ಅದಕ್ಕೆ ಔಷಧ ಕೊಡದೆ ಬರೀ ಸ್ಟೀರಾಯ್ಡ್ ಕೊಟ್ಟರೆ ರೋಗ ಉಲ್ಬಣಿಸಬಹುದು.

ಕಣ್ಣು ಕೆಂಪಾಗಲು ಬೇರೆ ಕಾರಣಗಳೂ ಇವೆ. ಭತ್ತದ ಗರಿಯೋ ಜಗಳೂರು ಕಡೆಯ ಮೆಕ್ಕೆಜೋಳದ ಎಲೆಯೋ ಕಣ್ಣಿಗೆ ತಾಗಿ ಕಾರ್ನಿಯಾದಲ್ಲಿ ಶಿಲೀಂಧ್ರದ ಹುಣ್ಣಾಗಬಹುದು. ಯುವೈಟಿಸ್‌ಗೆ ಒಳ್ಳೆಯದಾದ ಸ್ಟೀರಾಯ್ಡ್ ಹನಿ ಈ ಹುಣ್ಣಿಗೆ ಹಾಕಿದರೆ ಕಣ್ಣೇ ಹೋಗಬಹುದು. ಪಕ್ಕದ ಮನೆಯವರ ಡ್ರಾಪ್ಸ್ ಬೇಡ ಎನ್ನುವುದು ಇದಕ್ಕೇ. ಈರುಳ್ಳಿ, ಜೇನು, ಎದೆಹಾಲು ಊತವಿರುವ ಜಾಗಕ್ಕೆ ತಲುಪುವುದೇ ಇಲ್ಲ. ಹೊಸ ಸೋಂಕು ತರಬಹುದು, ಅಷ್ಟೆ.

ಊತ ಇಳಿಸುವ ಚಿಕಿತ್ಸೆಗಳು

ಸಾಮಾನ್ಯ ಹನಿಗಳು ಕಣ್ಣಿನ ಮುಂಭಾಗಕ್ಕೆ ಚೆನ್ನಾಗಿ ಕೆಲಸ ಮಾಡುತ್ತವೆ, ಹಿಂಭಾಗಕ್ಕೆ ಹೆಚ್ಚಾಗಿ ಸಾಲುವುದಿಲ್ಲ. ಹಾಗಾಗಿ ಸ್ಟೀರಾಯ್ಡನ್ನು ಕಣ್ಣಿನ ಪಕ್ಕಕ್ಕೆ ಅಥವಾ ಕಣ್ಣಿನೊಳಕ್ಕೆ ಇಂಜೆಕ್ಷನ್ ಕೊಡುತ್ತಾರೆ. ಕೆಲವು ತಿಂಗಳು ನಿಧಾನವಾಗಿ ಕರಗುವ ಸಣ್ಣ ಕಡ್ಡಿಯಂಥ ಡೆಕ್ಸಾಮೆಥಾಸೋನ್ ಇಂಪ್ಲಾಂಟ್ ಕೂಡ ಇದೆ. 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಎಂಟು ವಾರಗಳ ಹೊತ್ತಿಗೆ ಊತ ಕಡಿಮೆಯಾದದ್ದು ಪಕ್ಕದ ಇಂಜೆಕ್ಷನ್‌ನಿಂದ ಶೇ. 23, ಒಳಗಿನ ಇಂಜೆಕ್ಷನ್‌ನಿಂದ ಶೇ. 39, ಇಂಪ್ಲಾಂಟ್‌ನಿಂದ ಶೇ. 46. ಮರಗಟ್ಟುವ ಹನಿ ಹಾಕಿದ ಮೇಲೆಯೇ ಚುಚ್ಚುವುದರಿಂದ "ಕಣ್ಣಿಗೆ ಸೂಜಿ" ಎಂದು ಹೆದರಿ ಓಡಿಬರಬೇಕಾಗಿಲ್ಲ. ಆದರೆ ಸ್ಟೀರಾಯ್ಡ್‌ನಿಂದ ಕಣ್ಣಿನ ಒತ್ತಡ ಏರಬಹುದು, ಪೊರೆ ಬೇಗ ಬರಬಹುದು. ಅದಕ್ಕೇ ಮತ್ತೆ ಮತ್ತೆ ಒತ್ತಡ ನೋಡುತ್ತಾರೆ.

ಯುವೈಟಿಸ್ ಪದೇಪದೇ ಮರಳಿದರೆ ಮೆಥೊಟ್ರೆಕ್ಸೇಟ್‌ನಂಥ ಮಾತ್ರೆ ಕೊಡಬಹುದು. ಇದನ್ನು ನುಂಗುವುದು ವಾರಕ್ಕೆ ಒಂದು ದಿನ ಮಾತ್ರ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಗರ್ಭಿಣಿಯರು ತೆಗೆದುಕೊಳ್ಳಬಾರದು. ಆಗಾಗ ರಕ್ತಪರೀಕ್ಷೆ ಬೇಕು. ಬಹಳ ದಿನ ತೆಗೆದುಕೊಂಡ ಸ್ಟೀರಾಯ್ಡ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಸಕ್ಕರೆ ಕಾಯಿಲೆ ಇದ್ದವರು ಮೊದಲೇ ಹೇಳಬೇಕು.

ಎರಡನೇ ಭೇಟಿ ಯಾಕೆ ಮುಖ್ಯ?

ಇಂಥ ಚಿಕಿತ್ಸೆಗೆ ಜಗಳೂರಿನವರು ದಾವಣಗೆರೆಗೋ ಚಿತ್ರದುರ್ಗಕ್ಕೋ, ಹೊನ್ನಾಳಿ, ನ್ಯಾಮತಿಯವರು ಶಿವಮೊಗ್ಗಕ್ಕೋ, ಚನ್ನಗಿರಿಯವರು ಈ ಕಡೆಗೋ ಆ ಕಡೆಗೋ ಬಸ್ಸು ಹತ್ತಬೇಕು. ಒಂದು ದಿನದ ಕೂಲಿ ಹೋಗುತ್ತದೆ, ಜೊತೆಗೊಬ್ಬರು ಬೇಕು. ಕೆಂಪು ಹೋಗಿ ನೋವು ನಿಂತಾಗ "ಇನ್ನೇಕೆ ಹೋಗುವುದು" ಅನ್ನಿಸುವುದು ಸಹಜ. ಆದರೆ ಊತ ಇಳಿಯಿತೋ ಇಲ್ಲವೋ ಎಂದು ಗೊತ್ತಾಗುವುದು ಆ ಎರಡನೇ ಭೇಟಿಯಲ್ಲೇ. ಹೋಗುವಾಗ ಹಳೆಯ ಚೀಟಿ, ಸ್ಕ್ಯಾನ್, ಹಾಕಿಕೊಂಡ ಡ್ರಾಪ್ಸ್ ಬಾಟಲಿ ಎಲ್ಲವನ್ನೂ ಒಯ್ಯಿರಿ. ಕಣ್ಣಿನ ಮನೆಮದ್ದಿನ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ. ಕ್ಯಾಲೆಂಡರ್ ಪರೀಕ್ಷೆಯನ್ನು ಬೇಕಾದರೆ ಎಲ್ಲರಿಗೂ ಕಳಿಸಿ.