ಪ್ರಮಾಣಪತ್ರ ಕೈಗೆ ಬಂದ ಮೇಲೆ: ಸ್ಕೂಬಾ ಶಿಕ್ಷಣದ ಮಾನದಂಡವೂ ಸುರಕ್ಷತೆಯೂ

ಅಂಗಡಿಯ ತಕ್ಕಡಿಗೂ ತೂಕದ ಕಲ್ಲಿಗೂ ನಿಯತಕಾಲಕ್ಕೊಮ್ಮೆ ಇಲಾಖೆಯ ಮುದ್ರೆ ಬೀಳದಿದ್ದರೆ ಅವು ವ್ಯವಹಾರಕ್ಕೆ ಸಲ್ಲವೆಂಬುದು ಪ್ರತಿಯೊಬ್ಬ ವರ್ತಕನಿಗೂ ತಿಳಿದ ಸಂಗತಿ. ಕಾರ್ಖಾನೆಯ ಬಾಯ್ಲರ್‌ಗೂ ಇದೇ ಕಟ್ಟಳೆ. ಒಮ್ಮೆ ಪಡೆದ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿ ಜೀವಮಾನವಿಡೀ ಬಾಯ್ಲರ್ ಉರಿಸಲು ಯಾರಿಗೂ ಅನುಮತಿಯಿಲ್ಲ. ಆದರೆ ಸಮುದ್ರದ ತಳಕ್ಕಿಳಿಯುವ ಸ್ಕೂಬಾ ಡೈವಿಂಗ್‌ನ ಪ್ರಾಥಮಿಕ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ಅವಧಿಯ ಮಿತಿಯೇ ಇಲ್ಲ. ಮೂರು ನಾಲ್ಕು ದಿನಗಳ ಶಿಕ್ಷಣ ಮುಗಿಸಿ ಪಡೆದ ಕಾರ್ಡು ಹತ್ತು ವರ್ಷಗಳ ನಂತರವೂ ಕಾಗದದ ಮೇಲೆ ಊರ್ಜಿತವೇ. ಕಾರ್ಡು ಊರ್ಜಿತವಾಗಿದ್ದ ಮಾತ್ರಕ್ಕೆ ಕೌಶಲವೂ ಊರ್ಜಿತವಾಗಿರುತ್ತದೆಯೇ ಎಂಬ ಪ್ರಶ್ನೆಯನ್ನು ಹೊಸದಾಗಿ ಪ್ರಮಾಣಪತ್ರ ಪಡೆದವರೂ, ಈ ಉದ್ಯಮದಲ್ಲಿ ಬಂಡವಾಳ ಹೂಡಿದವರೂ ಕೇಳಿಕೊಳ್ಳಬೇಕಾಗಿದೆ.

ಇದು ನಾಡಿನ ವಾಣಿಜ್ಯಕ್ಕೆ ಹೊರತಾದ ವಿಷಯವೇನಲ್ಲ. ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ನೇತ್ರಾಣಿ ದ್ವೀಪ ಇಂದು ರಾಜ್ಯದ ಪ್ರಮುಖ ಸ್ಕೂಬಾ ತಾಣ. 2022ರಲ್ಲಿ ತೆರೆಕಂಡ ಪುನೀತ್ ರಾಜಕುಮಾರ್ ಅವರ ‘ಗಂಧದ ಗುಡಿ’ ಚಿತ್ರದ ಮೂಲಕ ಅಲ್ಲಿನ ನೀರಡಿಯ ಲೋಕ ಮನೆಮನೆಗೂ ಪರಿಚಯವಾಯಿತು. ದೋಣಿ ಮಾಲೀಕರು, ವಸತಿಗೃಹಗಳು, ಉಪಾಹಾರ ಗೃಹಗಳು, ವಾಹನ ಚಾಲಕರು ಹೀಗೆ ಅನೇಕರ ಜೀವನೋಪಾಯ ಇದರೊಂದಿಗೆ ಬೆಸೆದುಕೊಂಡಿದೆ. ಉದ್ಯಮ ಸಂಸ್ಥೆಗಳು ತಮ್ಮ ನೌಕರರನ್ನು ವಿಹಾರಕ್ಕಾಗಿ ಅಲ್ಲಿಗೆ ಕಳುಹಿಸುವುದೂ ಉಂಟು.

ಮಾನದಂಡವೆಂದರೆ ಕನಿಷ್ಠ ಮಿತಿ

ಜಾಕ್ ಕೂಸ್ತೋ ಮತ್ತು ಎಮಿಲ್ ಗಾನ್ಯಾನ್ 1943ರಲ್ಲಿ ಫ್ರಾನ್ಸಿನಲ್ಲಿ ‘ಆಕ್ವಾಲಂಗ್’ ಉಪಕರಣವನ್ನು ರೂಪಿಸಿದ ನಂತರವೇ ಸಾಮಾನ್ಯ ಜನರಿಗೆ ನೀರಡಿಯ ವಿಹಾರ ಸಾಧ್ಯವಾಯಿತು. ಉಪಕರಣ ಹರಡಿದಂತೆ ಅಪಘಾತಗಳೂ ಹರಡಿದವು. ಶಿಕ್ಷಣ ಸಂಸ್ಥೆಗಳು ಹುಟ್ಟಿಕೊಂಡದ್ದು ಈ ಹಿನ್ನೆಲೆಯಲ್ಲಿ. 1959ರಲ್ಲಿ ಸಿಎಂಎಎಸ್, 1960ರಲ್ಲಿ ಎನ್‌ಎಯುಐ, 1966ರಲ್ಲಿ ಪಿಎಡಿಐ ಸ್ಥಾಪನೆಗೊಂಡವು. ಇಂದು ಐಎಸ್‌ಒ 24801 ಮಾನದಂಡವು ವಿಹಾರಾರ್ಥ ಡೈವರ್‌ಗಳನ್ನು ಮೂರು ಹಂತಗಳಲ್ಲಿ ವಿಂಗಡಿಸುತ್ತದೆ. ಮೊದಲ ಹಂತದವರು ಮೇಲ್ವಿಚಾರಕರ ಜೊತೆಯಲ್ಲಿ 12 ಮೀಟರ್‌ವರೆಗೆ, ಎರಡನೆಯ ಹಂತದವರು ಸಮಾನ ಅರ್ಹತೆಯ ಜೊತೆಗಾರನೊಂದಿಗೆ 20 ಮೀಟರ್‌ವರೆಗೆ ಇಳಿಯಬಹುದು. ಮೂರನೆಯ ಹಂತದವರು ಇತರರನ್ನು ಮುನ್ನಡೆಸಬಲ್ಲವರು. ಡೈವಿಂಗ್ ಸೇವೆ ಒದಗಿಸುವ ಸಂಸ್ಥೆಗಳಿಗೆ ಐಎಸ್‌ಒ 24803 ಎಂಬ ಪ್ರತ್ಯೇಕ ಮಾನದಂಡವಿದೆ. ಗುಣಮಟ್ಟದ ಪ್ರಮಾಣಪತ್ರಕ್ಕಾಗಿ ಶ್ರಮಿಸಿದ ಉದ್ದಿಮೆದಾರರಿಗೆ ಈ ಭಾಷೆ ಹೊಸತಲ್ಲ.

ಆದರೆ ಮಾನದಂಡವೆಂಬುದು ಕನಿಷ್ಠ ಮಿತಿಯೇ ಹೊರತು ಪರಿಪೂರ್ಣತೆಯ ಗುರುತಲ್ಲ. ಪ್ರಾಥಮಿಕ ಶಿಕ್ಷಣದಲ್ಲಿ ಅಭ್ಯರ್ಥಿಯು ಮುಕ್ತ ಸಮುದ್ರದಲ್ಲಿ ಸಾಮಾನ್ಯವಾಗಿ ನಾಲ್ಕು ಬಾರಿ ನೀರಿಗಿಳಿಯುತ್ತಾನೆ. ಒಟ್ಟು ಅವಧಿ ಸುಮಾರು ಎರಡು ಗಂಟೆ. ಎರಡು ಗಂಟೆ ಲೇತ್ ಯಂತ್ರದ ಮುಂದೆ ನಿಂತವನನ್ನು ಯಾವ ಕಾರ್ಖಾನೆಯ ಮಾಲೀಕನೂ ಕುಶಲಕರ್ಮಿಯೆಂದು ಕರೆಯಲಾರ. ಹೊಸ ಡೈವರ್ ತನ್ನ ಕಾರ್ಡನ್ನು ಕಲಿಯುವುದಕ್ಕೆ ದೊರೆತ ಅನುಮತಿಯೆಂದು ಭಾವಿಸುವುದೇ ವಿವೇಕ.

ಇಲ್ಲಿ ಇನ್ನೊಂದು ಗೊಂದಲವನ್ನೂ ನಿವಾರಿಸಬೇಕಾಗಿದೆ. ಪ್ರವಾಸಿಗರಲ್ಲಿ ಅನೇಕರು ಕೈಗೊಳ್ಳುವುದು ಪೂರ್ಣ ಶಿಕ್ಷಣವನ್ನಲ್ಲ, ಬೋಧಕನ ಹಿಡಿತದಲ್ಲೇ ನಡೆಯುವ ಪರಿಚಯ ಡೈವನ್ನು. ಅದರ ಕೊನೆಯಲ್ಲಿ ದೊರೆಯುವ ಛಾಯಾಚಿತ್ರವಾಗಲಿ, ಸ್ಮರಣಪತ್ರವಾಗಲಿ ಅರ್ಹತೆಯ ಪತ್ರವಲ್ಲ. ಅದನ್ನು ಮುಂದಿಟ್ಟು ಬೇರೆಡೆ ಸ್ವತಂತ್ರವಾಗಿ ನೀರಿಗಿಳಿಯಲು ಹೊರಡುವುದು ಅಪಾಯಕ್ಕೆ ಆಹ್ವಾನ.

ಗಾಳಿಯ ಬಂಡವಾಳ

ಡೈವರ್‌ನ ಬೆನ್ನಿಗಿರುವ ಸಿಲಿಂಡರ್ ಅವನ ಬಂಡವಾಳ. 11 ಲೀಟರ್ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡದ ಗಾಳಿಯಿದೆ ಎಂದಿಟ್ಟುಕೊಳ್ಳೋಣ. 50 ಬಾರ್ ಉಳಿದಿರುವಾಗಲೇ ಮೇಲೆ ಬಂದಿರಬೇಕೆಂಬುದು ರೂಢಿಯ ನಿಯಮ. ಹೀಗಾಗಿ ಖರ್ಚಿಗೆ ದೊರೆಯುವುದು 150 ಬಾರ್, ಅಂದರೆ ಸುಮಾರು 1650 ಲೀಟರ್ ಗಾಳಿ. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವನು 10 ಮೀಟರ್ ಆಳದಲ್ಲಿ 40 ಲೀಟರ್, 20 ಮೀಟರ್‌ನಲ್ಲಿ 60 ಲೀಟರ್ ವ್ಯಯಿಸುತ್ತಾನೆ. ಪ್ರತಿ 10 ಮೀಟರ್‌ಗೆ ಒತ್ತಡ ಒಂದು ವಾಯುಮಂಡಲದಷ್ಟು ಏರುವುದೇ ಇದಕ್ಕೆ ಕಾರಣ. ಮೊದಲ ಆಳದಲ್ಲಿ 41 ನಿಮಿಷ ಬಾಳುವ ಗಾಳಿ ಎರಡನೆಯದರಲ್ಲಿ 27 ನಿಮಿಷಕ್ಕೇ ಮುಗಿಯುತ್ತದೆ. ಗಾಬರಿಗೊಂಡ ಹೊಸಬನ ಉಸಿರಾಟ ಇದಕ್ಕಿಂತಲೂ ವೇಗ.

ಹೊಸಬರು ಮೀನು, ಹವಳಗಳ ಸೊಬಗಿನಲ್ಲಿ ಮೈಮರೆತು ಗೇಜ್ ನೋಡುವುದನ್ನು ಮರೆಯುತ್ತಾರೆ. ನಗದು ಪುಸ್ತಕ ನೋಡದೆ ಖರ್ಚು ಮಾಡುವ ವ್ಯಾಪಾರಿಗೂ ಇವರಿಗೂ ವ್ಯತ್ಯಾಸವಿಲ್ಲ. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬ ಗಾದೆ ಆಳಕ್ಕೂ ಅನ್ವಯಿಸುತ್ತದೆ. ಪಿಎಡಿಐ ಪ್ರಾಥಮಿಕ ಕಾರ್ಡು ಸೂಚಿಸುವ ಮಿತಿ 18 ಮೀಟರ್. ಅದಕ್ಕಿಂತ ಆಳಕ್ಕೆ ಹೋಗಲು ಮುಂದಿನ ಹಂತದ ಶಿಕ್ಷಣ ಬೇಕು. 30 ಮೀಟರ್ ಸಮೀಪಿಸಿದಂತೆ ಸಾರಜನಕವು ಮಂಪರು ಕವಿಸಿ ನಿರ್ಧಾರಶಕ್ತಿಯನ್ನೇ ಕುಂದಿಸಬಲ್ಲದು. ಜೊತೆಗಾರ ಅನುಭವಿಯಾಗಿದ್ದಾನೆಂಬ ಕಾರಣಕ್ಕೆ ಹೊಸಬನ ಮಿತಿ ಹಿಗ್ಗುವುದಿಲ್ಲ.

ಮೇಲೇರುವಾಗ ಆತುರ ಸಲ್ಲದು

ಅಪಾಯವಿರುವುದು ಇಳಿಯುವುದರಲ್ಲಿ ಎಂಬುದು ಸಾಮಾನ್ಯರ ಭಾವನೆ. ಆದರೆ ಮೇಲೇರುವಾಗಲೇ ಹೆಚ್ಚಿನ ಎಚ್ಚರ ಅಗತ್ಯ. ಉಸಿರು ಬಿಗಿಹಿಡಿದು ಮೇಲೇರಿದರೆ ಶ್ವಾಸಕೋಶದಲ್ಲಿನ ಗಾಳಿ ಹಿಗ್ಗಿ ಅಂಗಾಂಶವನ್ನೇ ಹರಿಯಬಲ್ಲದು. ಇದಕ್ಕೆ ಸಮುದ್ರದ ಆಳವೇ ಬೇಕಿಲ್ಲ, ಈಜುಕೊಳದ ಒಂದೆರಡು ಮೀಟರ್ ಸಾಕು. ಉಸಿರಾಟವನ್ನು ಎಂದೂ ನಿಲ್ಲಿಸಬಾರದೆಂಬುದು ಸ್ಕೂಬಾ ಶಿಕ್ಷಣದ ಮೊದಲ ಪಾಠವಾಗಿರುವುದು ಈ ಕಾರಣದಿಂದ. ಒತ್ತಡದಲ್ಲಿ ರಕ್ತ, ಅಂಗಾಂಶಗಳಿಗೆ ಸೇರಿದ ಸಾರಜನಕವು ಅವಸರದ ಏರಿಕೆಯಲ್ಲಿ ಗುಳ್ಳೆಗಳಾಗಿ ಹೊರಹೊಮ್ಮಿದರೆ ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ತೊಂದರೆ ಉಂಟಾಗಬಹುದು. ಹಿಂದೆ ನಿಮಿಷಕ್ಕೆ 18 ಮೀಟರ್ ಏರಿಕೆಯನ್ನು ಒಪ್ಪಲಾಗುತ್ತಿತ್ತು. ಈಗ 9 ಮೀಟರ್‌ನ ಆಸುಪಾಸು ಕ್ಷೇಮವೆಂಬುದು ಸಾಮಾನ್ಯ ಸಲಹೆ. ಅದರೊಂದಿಗೆ 5 ಮೀಟರ್ ಆಳದಲ್ಲಿ ಮೂರು ನಿಮಿಷ ತಂಗುವುದು ಒಳ್ಳೆಯ ಅಭ್ಯಾಸ.

ಘಟ್ಟ ಹತ್ತುವ ಮುನ್ನ

ಕರ್ನಾಟಕದ ಡೈವರ್‌ಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಡೈವಿಂಗ್ ನಂತರ ವಿಮಾನ ಏರುವ ಮುನ್ನ ಕಾಯಬೇಕೆಂಬುದು ಬಹುತೇಕರಿಗೆ ಗೊತ್ತು. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆಯಂತೆ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್‌ಗಳಾಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ಈ ಸಲಹೆ ಅನ್ವಯಿಸುವುದು ಸುಮಾರು 600 ಮೀಟರ್‌ನಿಂದ 2400 ಮೀಟರ್ ಎತ್ತರಕ್ಕೆ ಸಮನಾದ ವಾಯು ಒತ್ತಡಕ್ಕೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಂದರೆ ವಿಮಾನ ಏರದೆ ಬಸ್ಸಿನಲ್ಲೇ ಘಟ್ಟ ಹತ್ತಿದರೂ ದೇಹದ ಮಟ್ಟಿಗೆ ಪರಿಣಾಮ ಅದೇ ಬಗೆಯದು. ಮಧ್ಯಾಹ್ನ ಎರಡನೆಯ ಡೈವ್ ಮುಗಿಸಿ ಸಂಜೆಯೇ ಬೆಂಗಳೂರಿನ ಬಸ್ ಹಿಡಿಯುವವರು ಈ ಲೆಕ್ಕವನ್ನು ಮರೆಯಬಾರದು. ಇನ್ನೊಂದು ರಾತ್ರಿ ಕರಾವಳಿಯಲ್ಲೇ ತಂಗುವುದು ಡೈವರ್‌ಗೂ ಕ್ಷೇಮ, ಅಲ್ಲಿನ ವಸತಿಗೃಹದವರಿಗೂ ಲಾಭ. ಸುರಕ್ಷತೆ ಮತ್ತು ವ್ಯಾಪಾರ ಒಂದೇ ದಿಕ್ಕಿನಲ್ಲಿ ಸಾಗುವ ಇಂತಹ ಸಂದರ್ಭವನ್ನು ಡೈವ್ ಕೇಂದ್ರಗಳು ಗ್ರಾಹಕರಿಗೆ ತಿಳಿಹೇಳಬೇಕು.

ಉಪಕರಣವೂ ಗಾಳಿಯೂ

ಕಾರ್ಖಾನೆಯ ಕಂಪ್ರೆಸರ್‌ನಿಂದ ಹೊರಬರುವ ಗಾಳಿ ಉಸಿರಾಟಕ್ಕೆ ಯೋಗ್ಯವಲ್ಲವೆಂಬುದನ್ನು ಸಣ್ಣ ಕೈಗಾರಿಕೆಯವರಿಗೆ ವಿವರಿಸಬೇಕಾಗಿಲ್ಲ. ಯುರೋಪಿನ ಇಎನ್ 12021 ಮಾನದಂಡದ 2014ರ ಆವೃತ್ತಿಯು ಉಸಿರಾಟದ ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ದಶಲಕ್ಷಕ್ಕೆ 5 ಭಾಗ ಮೀರಬಾರದೆಂದೂ, ಎಣ್ಣೆಯಂಶ ಘನ ಮೀಟರ್‌ಗೆ 0.5 ಮಿಲಿಗ್ರಾಂ ದಾಟಬಾರದೆಂದೂ ವಿಧಿಸುತ್ತದೆ. ಕಂಪ್ರೆಸರ್‌ನ ಗಾಳಿ ಸೆಳೆಯುವ ಕೊಳವೆ ಡೀಸೆಲ್ ಎಂಜಿನ್‌ನ ಹೊಗೆಯ ಬಳಿ ಇದ್ದರೆ ಆ ವಿಷವೇ ಸಿಲಿಂಡರ್ ಸೇರುತ್ತದೆ. 20 ಮೀಟರ್ ಆಳದಲ್ಲಿ ಅದರ ಪ್ರಭಾವ ಮೂರು ಪಟ್ಟು. ನಮ್ಮ ದೇಶದಲ್ಲಿ ಸಿಲಿಂಡರ್‌ಗಳು 2016ರ ಅನಿಲ ಸಿಲಿಂಡರ್ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ನಿಯತಕಾಲಿಕ ಜಲಒತ್ತಡ ಪರೀಕ್ಷೆಯ ದಿನಾಂಕವನ್ನು ಸಿಲಿಂಡರ್‌ನ ಹೆಗಲ ಮೇಲೆ ಕೊರೆದಿರುತ್ತಾರೆ. ಹೊಸ ಡೈವರ್ ಅದನ್ನು ಓದಲು ಕಲಿಯಬೇಕು. ಗಾಳಿಯ ರುಚಿಯಲ್ಲೋ ವಾಸನೆಯಲ್ಲೋ ಎಣ್ಣೆಯ ಸುಳಿವು ಸಿಕ್ಕರೆ ಆ ಸಿಲಿಂಡರನ್ನು ನಿರಾಕರಿಸಬೇಕು. ಕಾರ್ಬನ್ ಮೊನಾಕ್ಸೈಡ್‌ಗೆ ರುಚಿಯಾಗಲಿ ವಾಸನೆಯಾಗಲಿ ಇಲ್ಲವಾದ್ದರಿಂದ ಗಾಳಿಯ ಪರೀಕ್ಷಾ ವರದಿಯನ್ನೂ ಕೇಳಿ ನೋಡುವುದು ಯುಕ್ತ.

ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಡೈವಿಂಗ್ ಸ್ಥಗಿತಗೊಂಡು ಅಕ್ಟೋಬರ್ ಹೊತ್ತಿಗೆ ಪುನರಾರಂಭವಾಗುತ್ತದೆ. ಇಷ್ಟು ತಿಂಗಳ ಅಂತರದಲ್ಲಿ ಹೊಸಬರ ಕೈ ಅಭ್ಯಾಸ ತಪ್ಪಿರುತ್ತದೆ. ಮುಖವಾಡದ ನೀರು ತೆಗೆಯುವುದು, ಕಳಚಿದ ರೆಗ್ಯುಲೇಟರ್ ಮರಳಿ ಹಿಡಿಯುವುದು, ಜೊತೆಗಾರನ ಗಾಳಿ ಹಂಚಿಕೊಳ್ಳುವುದು ಇವನ್ನು ಈಜುಕೊಳದಲ್ಲಿ ಪುನರಭ್ಯಾಸ ಮಾಡಿಯೇ ಸಮುದ್ರಕ್ಕೆ ತೆರಳಬೇಕು. ವೈದ್ಯಕೀಯ ಪ್ರಶ್ನಾವಳಿಗೆ ಸತ್ಯವಾದ ಉತ್ತರ ನೀಡುವುದೂ ಅಷ್ಟೇ ಮುಖ್ಯ. ಅಸ್ತಮಾ, ಹೃದ್ರೋಗ, ಮೂರ್ಛೆ ರೋಗಗಳನ್ನು ಮುಚ್ಚಿಟ್ಟು ಸಹಿ ಹಾಕುವವನು ತನ್ನನ್ನು ಮಾತ್ರವಲ್ಲದೆ ತನ್ನನ್ನು ಎತ್ತಲು ಬರುವವನನ್ನೂ ಅಪಾಯಕ್ಕೊಡ್ಡುತ್ತಾನೆ.

ಉದ್ಯಮದ ಹೊಣೆ

ಕಟ್ಟುನಿಟ್ಟು ಹೆಚ್ಚಿದರೆ ದರ ಏರುತ್ತದೆ, ಗ್ರಾಹಕ ಪಕ್ಕದ ಕೇಂದ್ರಕ್ಕೆ ಹೋಗುತ್ತಾನೆ ಎಂಬ ಆಕ್ಷೇಪ ಕೇಳಿಬರುವುದು ಸಹಜ. ಇದರಲ್ಲಿ ಹುರುಳಿಲ್ಲವೆನ್ನಲಾಗದು. ದರದ ಪೈಪೋಟಿಯಲ್ಲಿ ಮೊದಲು ಕತ್ತರಿ ಬೀಳುವುದು ಗ್ರಾಹಕನ ಕಣ್ಣಿಗೆ ಕಾಣದ ವೆಚ್ಚಗಳಿಗೆ. ಫಿಲ್ಟರ್ ಬದಲಾವಣೆ, ರೆಗ್ಯುಲೇಟರ್ ಸರ್ವಿಸ್, ದೋಣಿಯಲ್ಲಿನ ಆಮ್ಲಜನಕ, ಹೆಚ್ಚುವರಿ ಬೋಧಕ ಇವೆಲ್ಲ ಆ ಸಾಲಿನವು. ಗ್ರಾಹಕನಿಗೆ ಇವು ಕಾಣುವಂತೆ ಮಾಡುವುದೇ ಇದಕ್ಕೆ ಪರಿಹಾರ. ಪ್ರತಿ ಬೋಧಕನಿಗೆ ಎಷ್ಟು ಮಂದಿ, ಸಿಲಿಂಡರ್ ಪರೀಕ್ಷೆಯ ದಿನಾಂಕ ಯಾವುದು, ಆಮ್ಲಜನಕ ಇದೆಯೇ, ಸಮೀಪದ ಒತ್ತಡ ಚಿಕಿತ್ಸಾ ಕೋಣೆ ಎಲ್ಲಿದೆ ಎಂಬ ನಾಲ್ಕು ವಿವರಗಳನ್ನು ಕೇಂದ್ರದ ಫಲಕದಲ್ಲಿ ಪ್ರಕಟಿಸಲು ಹೆಚ್ಚಿನ ಖರ್ಚಿಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಹಯೋಗದಲ್ಲಿ 2018ರಲ್ಲಿ ಹೊರಬಂದ ಸಾಹಸ ಪ್ರವಾಸೋದ್ಯಮ ಮಾರ್ಗಸೂಚಿಯಲ್ಲಿ ಸ್ಕೂಬಾ ಡೈವಿಂಗ್ ಸಹ ಸೇರಿದೆ. ಸೇವಾ ನ್ಯೂನತೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಉತ್ತರಿಸಬೇಕಾಗುವುದನ್ನೂ ಮಾಲೀಕರು ನೆನಪಿಡಬೇಕು.

ನೌಕರರನ್ನು ವಿಹಾರಕ್ಕೆ ಕಳುಹಿಸುವ ಸಂಸ್ಥೆಗಳು ಅತಿ ಕಡಿಮೆ ದರದ ಕೊಟೇಷನ್‌ಗೆ ಕಣ್ಣುಮುಚ್ಚಿ ಒಪ್ಪಿಗೆ ನೀಡದೆ ಮೇಲಿನ ನಾಲ್ಕು ವಿವರಗಳನ್ನು ಲಿಖಿತವಾಗಿ ಕೇಳಬೇಕು. ಕಚ್ಚಾ ಸರಕಿನ ಖರೀದಿಯಲ್ಲಿ ತೋರುವ ಎಚ್ಚರವನ್ನು ಮನುಷ್ಯರ ಪ್ರಾಣದ ವಿಷಯದಲ್ಲಿ ತೋರದಿರುವುದು ಸರಿಯಲ್ಲ. ಒಂದು ಕೇಂದ್ರದಲ್ಲಿ ಸಂಭವಿಸಿದ ದುರಂತದ ಬೆಲೆಯನ್ನು ಇಡೀ ಊರಿನ ವ್ಯಾಪಾರ ತೆರಬೇಕಾಗುತ್ತದೆ.

ಕೊನೆಯದಾಗಿ ಹೊಸ ಡೈವರ್‌ಗೆ ಹೇಳಬೇಕಾದ ಮಾತೊಂದಿದೆ. ಯಾವುದೇ ಡೈವನ್ನು, ಯಾವುದೇ ಹಂತದಲ್ಲಿ, ಯಾವ ಕಾರಣವನ್ನೂ ನೀಡದೆ ಕೈಬಿಡುವ ಹಕ್ಕು ಅವನಿಗಿದೆ. ಕಟ್ಟಿದ ಹಣ, ಜೊತೆಗಾರರ ಒತ್ತಾಯ, ಹೊರಡಲು ಸಿದ್ಧವಾದ ದೋಣಿ ಇವು ಯಾವುವೂ ಆ ಹಕ್ಕಿಗಿಂತ ದೊಡ್ಡವಲ್ಲ. ನಷ್ಟದ ಸುಳಿವು ಕಂಡೊಡನೆ ವ್ಯವಹಾರದಿಂದ ಹಿಂದೆ ಸರಿಯುವ ವ್ಯಾಪಾರಿಯನ್ನು ಯಾರೂ ಹೇಡಿಯೆನ್ನುವುದಿಲ್ಲ. ಸಮುದ್ರ ನಾಳೆಯೂ ಅಲ್ಲಿಯೇ ಇರುತ್ತದೆ.