ಜಾರುವವರ ಕೈಹಿಡಿಯುವ ಧರ್ಮ

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಆರನೆಯದು ಸ್ಥಿತಿಕರಣ. ಸನ್ಮಾರ್ಗದಿಂದ ಜಾರುತ್ತಿರುವವರನ್ನು ವಾತ್ಸಲ್ಯದಿಂದ ಮತ್ತೆ ನೆಲೆಗೊಳಿಸುವುದೇ ಅದರ ಲಕ್ಷಣ. ಪ್ರವಚನಗಳಲ್ಲಿ ಈ ಅಂಗವನ್ನು ಮುನಿಗಳಿಗೂ ವ್ರತಿಕರಿಗೂ ಅನ್ವಯಿಸಿ ಹೇಳುವುದು ರೂಢಿ. ಆದರೆ ಆಪ್ತಸಮಾಲೋಚನೆಯ ತರಬೇತಿ ಪಡೆಯುತ್ತಿರುವ ತರುಣರಿಗೂ, ನೊಂದವರಿಗೆ ಸಮಾಧಾನ ಹೇಳಹೊರಡುವ ಶ್ರಾವಕ ಶ್ರಾವಿಕೆಯರಿಗೂ ಅದು ಅಷ್ಟೇ ಅಗತ್ಯವಾದ ಪಾಠ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಅಂಗಕ್ಕೆ ಹೆಸರಿಸುವುದು ವಾರಿಷೇಣ ಮುನಿಯನ್ನು. ಅವರು ಮಗಧದ ಶ್ರೇಣಿಕ ಮಹಾರಾಜನ ಪುತ್ರರು. ಅವರ ಬಾಲ್ಯದ ಗೆಳೆಯ ಪುಷ್ಪಡಾಲ ಸ್ನೇಹದ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ದೀಕ್ಷೆ ಪಡೆದನು. ಮನಸ್ಸು ಮಾತ್ರ ಮನೆಯಲ್ಲಿದ್ದ ಪತ್ನಿಯ ಬಳಿಯೇ ಉಳಿಯಿತು. ಹನ್ನೆರಡು ವರ್ಷಗಳ ಬಳಿಕ ಆತ ಮನೆಗೆ ಮರಳಲು ಹೊರಟಾಗ ವಾರಿಷೇಣರು ಗದರಿಸಲಿಲ್ಲ. ನಾಲ್ಕು ಜನರ ಮುಂದೆ ಹೀಯಾಳಿಸಲಿಲ್ಲ. ತಾವೇ ಜೊತೆಗೂಡಿ ತಮ್ಮ ಅರಮನೆಗೆ ಕರೆದೊಯ್ದರು. ತಾವು ತೊರೆದ ವೈಭವವನ್ನೂ ರಾಣಿಯರನ್ನೂ ತೋರಿಸಿ, ಬೇಕಿದ್ದರೆ ಇದೆಲ್ಲವನ್ನೂ ನೀನೇ ಸ್ವೀಕರಿಸು ಎಂದರು. ಪುಷ್ಪಡಾಲನಿಗೆ ತನ್ನ ಸ್ಥಿತಿ ತನಗೇ ಕಂಡಿತು. ನಾಚಿ, ಎಚ್ಚೆತ್ತು, ಸ್ಥಿರನಾದನು.

ಇಲ್ಲಿ ಗಮನಿಸಬೇಕಾದದ್ದು ಉಪದೇಶವಲ್ಲ, ಅದಕ್ಕೂ ಮುಂಚಿನ ನಡೆ. ವಾರಿಷೇಣರು ಗೆಳೆಯನ ಒಳಗುದಿಯನ್ನು ಗುರುತಿಸಿದರು, ಒಂಟಿಯಾಗಿ ಬಿಡಲಿಲ್ಲ, ಅರಿವು ಅವನೊಳಗಿಂದಲೇ ಮೂಡುವಂತೆ ಮಾಡಿದರು. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ 1957ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದರಲ್ಲಿ ಸಮಾಲೋಚಕನಿಗೆ ಮೂರು ಗುಣಗಳು ಬೇಕೆಂದರು: ಎದುರಿಗಿರುವವರ ನೋವನ್ನು ಅವರ ನೆಲೆಯಿಂದಲೇ ಅರಿಯುವುದು, ಯಾವ ನಿಬಂಧನೆಯೂ ಇಲ್ಲದೆ ಆದರಿಸುವುದು, ಒಳಗೊಂದು ಹೊರಗೊಂದು ಇಲ್ಲದಿರುವುದು. ಅಸಹ್ಯಪಡದೆ ಸೇವೆಗೈಯುವ ನಿರ್ವಿಚಿಕಿತ್ಸೆಯನ್ನು ಅಭ್ಯಸಿಸಿದವರಿಗೆ ಎರಡನೆಯ ಗುಣ ಅಪರಿಚಿತವೇನಲ್ಲ.

ಸಂಕಟದ ತುರ್ತು ಗಳಿಗೆಯಲ್ಲಿ ಈ ಗುಣಗಳಿಗೆ ನಿಜವಾದ ಪರೀಕ್ಷೆ. 1942ರಲ್ಲಿ ಬೋಸ್ಟನ್ ನಗರದ ರಾತ್ರಿ ಕ್ಲಬ್ಬೊಂದರಲ್ಲಿ ಬೆಂಕಿ ಹತ್ತಿ 492 ಮಂದಿ ಅಸುನೀಗಿದರು. ಆ ದುರಂತದಲ್ಲಿ ಆಪ್ತರನ್ನು ಕಳೆದುಕೊಂಡವರ ಶೋಕವನ್ನು ಎರಿಕ್ ಲಿಂಡೆಮನ್ ಎಂಬ ಮನೋವೈದ್ಯರು ಅಧ್ಯಯನ ಮಾಡಿ 1944ರಲ್ಲಿ ಪ್ರಕಟಿಸಿದರು. ಆಘಾತಕ್ಕೊಳಗಾದವರಿಗೆ ಸಕಾಲದಲ್ಲಿ ಆಸರೆ ಕೊಡುವ ಶಾಸ್ತ್ರ ಬೆಳೆದದ್ದು ಇಂಥ ಅಧ್ಯಯನಗಳಿಂದ. ಅದರ ಕ್ರಮ ಸರಳ: ಮೊದಲು ಜೀವರಕ್ಷಣೆ, ಬಳಿಕ ಆಲಿಸುವಿಕೆ, ಆಮೇಲೆ ಮುಂದಿನ ಹೆಜ್ಜೆಯ ಯೋಚನೆ. ಸಾಯುವ ಆಲೋಚನೆ ಬಂದಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಬೇಕು. ಹಾಗೆ ಕೇಳಿದರೆ ಆ ಆಲೋಚನೆ ಹುಟ್ಟುತ್ತದೆಂಬ ಭಯಕ್ಕೆ ಆಧಾರವಿಲ್ಲ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡಬಾರದು, ಅಪಾಯದ ವಸ್ತುಗಳನ್ನು ದೂರವಿರಿಸಿ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಸದ್ಭಾವನೆಯುಳ್ಳ ಶ್ರಾವಕರೂ ಎಡವುವುದು ಇಲ್ಲಿಯೇ. ಮಗನನ್ನು ಕಳೆದುಕೊಂಡ ತಾಯಿಯ ಎದುರು ಕುಳಿತು, ‘ಎಲ್ಲವೂ ಪೂರ್ವಾರ್ಜಿತ ಕರ್ಮ, ಅನುಭವಿಸಲೇಬೇಕು’ ಎನ್ನುವವರು ವಿರಳವಲ್ಲ. ತತ್ತ್ವವಾಗಿ ಆ ಮಾತು ಸುಳ್ಳಲ್ಲ. ಆದರೆ ಇಷ್ಟವಿಯೋಗದ ಆರ್ತಧ್ಯಾನದಲ್ಲಿ ಮುಳುಗಿದ ಜೀವಕ್ಕೆ ಅದು ತತ್ತ್ವವಾಗಿ ಕೇಳಿಸದು, ದೋಷಾರೋಪಣೆಯಾಗಿ ಕೇಳಿಸುತ್ತದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಅನ್ಯರಲ್ಲಿ ದುಃಖಶೋಕಗಳನ್ನು ಉಂಟುಮಾಡುವುದನ್ನೂ ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ಗಣಿಸಿದೆ. ಪರರ ಕರ್ಮವನ್ನು ವಿವರಿಸಹೊರಟ ನಾಲಿಗೆ ತನ್ನ ಕರ್ಮವನ್ನೇ ಕಟ್ಟಿಕೊಳ್ಳುತ್ತದೆ! ಕರ್ಮಸಿದ್ಧಾಂತವಿರುವುದು ತನ್ನನ್ನು ತಾನು ತಿದ್ದಿಕೊಳ್ಳುವುದಕ್ಕೆ. ಅಳುವವರ ಬಾಯಿ ಮುಚ್ಚಿಸುವುದಕ್ಕಲ್ಲ.

ಕೇಳಿದ್ದನ್ನು ಗುಟ್ಟಾಗಿಡುವುದು ಇನ್ನೊಂದು ಹೊಣೆ. ಶಿಷ್ಯನು ಆಲೋಚನೆಯಲ್ಲಿ ನಿವೇದಿಸಿಕೊಂಡ ದೋಷವನ್ನು ಹೊರಗೆ ಸೋರಗೊಡದ ‘ಅಪರಿಸ್ರಾವಿ’ ಗುಣವನ್ನು ಶಿವಾರ್ಯರ ಭಗವತೀ ಆರಾಧನೆಯು ಆಚಾರ್ಯರ ಗುಣಗಳಲ್ಲಿ ಒಂದೆಂದು ಹೇಳುತ್ತದೆ. ಆಪ್ತಸಮಾಲೋಚಕರ ನೀತಿಯೂ ಇದೇ. ಆದರೆ ಪ್ರಾಣಕ್ಕೆ ಅಪಾಯವಿದ್ದಾಗ ಮೌನವೇ ಹಿಂಸೆಯಾದೀತು; ಆಗ ಬೇಕಾದವರಿಗೆ, ಬೇಕಾದಷ್ಟನ್ನು ತಿಳಿಸಲೇಬೇಕು. ಈ ಗೆರೆಯನ್ನು ಮೊದಲ ಭೇಟಿಯಲ್ಲಿಯೇ ವಿನಯದಿಂದ ಹೇಳಿಬಿಡುವುದು ಒಳ್ಳೆಯದು.

ಸ್ಥಿತಿಕರಣವೂ ಆಪ್ತಸಮಾಲೋಚನೆಯೂ ಒಂದೇ ಎನ್ನಲಾಗದು. ಮೊದಲನೆಯದಕ್ಕೆ ರತ್ನತ್ರಯದ ಮಾರ್ಗ ನಿಶ್ಚಿತ. ಎರಡನೆಯದು ತನ್ನ ಮಾರ್ಗವನ್ನು ಯಾರ ಮೇಲೂ ಹೇರಲಾಗದು. ವಾರಿಷೇಣರ ಉಪಾಯವನ್ನು ಯಾರೂ ಅನುಕರಿಸಬೇಕಾಗಿಲ್ಲ. ಹನ್ನೆರಡು ವರ್ಷಗಳ ಸಹವಾಸದ ವಿಶ್ವಾಸ ಅದರ ಹಿಂದಿತ್ತು. ಕಲಿಯಬೇಕಾದದ್ದು ಅವರ ತಾಳ್ಮೆಯನ್ನು. ತನ್ನ ಶಕ್ತಿಯ ಮಿತಿಯನ್ನು ಅರಿಯುವುದೂ ವಿವೇಕವೇ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ, 14416, ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ಆ ಸಂಖ್ಯೆಯನ್ನು ಬಸದಿಯ ಫಲಕದಲ್ಲಿ ಬರೆದಿಟ್ಟರೆ ಧರ್ಮಕ್ಕೆ ಯಾವ ಕೊರತೆಯೂ ಆಗದು.

ಜೀವಗಳು ಪರಸ್ಪರ ಉಪಕಾರಿಗಳೆಂಬುದು ಉಮಾಸ್ವಾಮಿಗಳ ಉಪದೇಶ. ನೊಂದವರೊಬ್ಬರು ಬಾಗಿಲಿಗೆ ಬಂದಾಗ ಉಪದೇಶವನ್ನು ಕ್ಷಣಕಾಲ ಬದಿಗಿಟ್ಟು, ಪಕ್ಕದಲ್ಲಿ ಕುಳಿತು, ಕಿವಿಗೊಡುವುದು ಆ ಉಪಕಾರದ ಮೊದಲ ಮೆಟ್ಟಿಲು.