ಟೆಕ್ಸಸ್‌ನಲ್ಲಿ ‘ಸಿಂಹ’ ಓಡಾಡುತ್ತಿದೆಯಂತೆ! ಹೆದರಬೇಕಾದದ್ದು ಅದಕ್ಕೋ, ಹಂದಿಗೋ?

ಡಲ್ಲಾಸ್‌ನಲ್ಲೋ ಹ್ಯೂಸ್ಟನ್‌ನಲ್ಲೋ ನಿಮ್ಮ ಮಕ್ಕಳು, ಸಂಬಂಧಿಕರು ಇದ್ದರೆ ಇಂಥದ್ದೊಂದು ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ರಾತ್ರಿ ಕ್ಯಾಮೆರಾದಲ್ಲಿ ಸಿಕ್ಕ ದೊಡ್ಡ ಬೆಕ್ಕಿನಂಥ ಪ್ರಾಣಿ, ಅದರ ಕೆಳಗೆ ‘ಊರೊಳಗೆ ಮೌಂಟನ್ ಲಯನ್ ಬಂದಿದೆ, ಎಲ್ಲರಿಗೂ ತಿಳಿಸಿ’ ಎಂಬ ಸಾಲು. ಇನ್ನೊಂದು ದಿನ ಹೆಲಿಕಾಪ್ಟರ್‌ನಿಂದ ಹಂದಿಗಳಿಗೆ ಗುಂಡು ಹೊಡೆಯುವ ವಿಡಿಯೊ ಬರುತ್ತದೆ. ಮೊದಲನೆಯದನ್ನು ನೋಡಿ ಹೆದರುತ್ತೇವೆ, ಎರಡನೆಯದನ್ನು ತಮಾಷೆ ಎಂದು ಮುಂದಕ್ಕೆ ಕಳಿಸುತ್ತೇವೆ. ನಮ್ಮ ಪ್ರಕಾರ ಇದು ಉಲ್ಟಾ ಆಗಬೇಕಿತ್ತು.

ಹೆಸರಿನಲ್ಲಿ ಮಾತ್ರ ಸಿಂಹ

ಮೌಂಟನ್ ಲಯನ್, ಪೂಮಾ, ಕೂಗರ್, ಫ್ಲಾರಿಡಾದಲ್ಲಿ ಪ್ಯಾಂಥರ್. ಇವೆಲ್ಲ ಒಂದೇ ಪ್ರಾಣಿಯ ಹೆಸರುಗಳು. ಸಿಂಹ, ಹುಲಿ, ಚಿರತೆಗಳು ಒಂದು ಕುಲಕ್ಕೆ ಸೇರಿದರೆ ಪೂಮಾ ಬೇರೆಯದೇ ಕುಲ. ಸಿಂಹದಂತೆ ಗರ್ಜಿಸಲು ಅದಕ್ಕೆ ಬರುವುದಿಲ್ಲ. ಮನೆಯ ಬೆಕ್ಕಿನಂತೆ ಗುರುಗುಟ್ಟುತ್ತದೆ. ಕೆನಡಾದಿಂದ ದಕ್ಷಿಣ ಅಮೆರಿಕದ ತುದಿಯವರೆಗೆ ಅದರ ನೆಲೆ. ಏಷ್ಯಾದ ಕಾಡುಗಳಲ್ಲಿ ಅದು ಇಲ್ಲವೇ ಇಲ್ಲ. ಹಾಗಾಗಿ ಮೈಮೇಲೆ ಚುಕ್ಕೆಯಿಲ್ಲದ ಕಂದು ಬಣ್ಣದ ಪೂಮಾದ ವಿಡಿಯೊ ‘ನಮ್ಮೂರಿನದು’ ಎಂದು ಬಂದರೆ ಅಲ್ಲಿಗೇ ನಿಲ್ಲಿಸಿ.

‘ಕರಿ ಪೂಮಾ ಕಂಡಿತು’ ಎನ್ನುವವರು ಅಮೆರಿಕದಲ್ಲೂ ಬಹಳ ಜನ. ಆದರೆ ಕಪ್ಪು ಪೂಮಾ ಇದೆ ಎಂಬುದು ಇದುವರೆಗೆ ಒಮ್ಮೆಯೂ ಖಚಿತವಾಗಿಲ್ಲ. ನಮ್ಮ ಕಬಿನಿಯ ಪ್ರಸಿದ್ಧ ಕರಿಚಿರತೆ ಮೈಬಣ್ಣ ಕಪ್ಪಾದ ಚಿರತೆಯೇ ಹೊರತು ಪೂಮಾದ ನೆಂಟನಲ್ಲ.

ಪೂಮಾ ಅಲೆದಾಡುವುದು ಮಾತ್ರ ನಿಜ. ಮರಿ ಗಂಡುಗಳು ಬೆಳೆದ ಮೇಲೆ ತಾಯಿಯನ್ನು ಬಿಟ್ಟು ತಮ್ಮದೇ ಜಾಗ ಹುಡುಕಿ ಹೊರಡುತ್ತವೆ. 2011ರಲ್ಲಿ ಪೂರ್ವ ತೀರದ ಕನೆಕ್ಟಿಕಟ್ ರಾಜ್ಯದಲ್ಲಿ ಪೂಮಾ ಒಂದು ವಾಹನಕ್ಕೆ ಸಿಕ್ಕು ಸತ್ತಿತು. ಡಿಎನ್ಎ ಪರೀಕ್ಷಿಸಿದಾಗ ಅದು ಸೌತ್ ಡಕೋಟಾದ ಬ್ಲ್ಯಾಕ್ ಹಿಲ್ಸ್ ಗುಡ್ಡಗಳ ಕಡೆಯದು ಎಂದು ಗೊತ್ತಾಯಿತು. 2,400 ಕಿಲೋಮೀಟರ್‌ಗೂ ಹೆಚ್ಚು ದೂರ ನಡೆದು ಬಂದಿತ್ತು! ಒಂದೂರಿನಲ್ಲಿ ಒಂದು ಪೂಮಾದ ಫೋಟೊ ಸಿಕ್ಕಿತೆಂದರೆ ಅಲ್ಲಿ ಅವು ಬೀಡುಬಿಟ್ಟಿವೆ ಎಂದಲ್ಲ, ದಾರಿಹೋಕ ಇರಬಹುದು. ಟೆಕ್ಸಸ್‌ನಲ್ಲಿ ಅವುಗಳ ನೆಲೆ ಮುಖ್ಯವಾಗಿ ಪಶ್ಚಿಮದ ಒಣ ಬೆಟ್ಟಗಳು ಮತ್ತು ದಕ್ಷಿಣದ ಕುರುಚಲು ಕಾಡು. ನಮ್ಮವರು ಹೆಚ್ಚಾಗಿರುವ ಡಲ್ಲಾಸ್, ಹ್ಯೂಸ್ಟನ್ ಕಡೆ ಅದು ಅಪರೂಪದ ಅತಿಥಿ.

ಅಪಾಯ ಇಲ್ಲವೇ? ಇದೆ. 2024ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪೂಮಾ ದಾಳಿಗೆ ಒಬ್ಬ ಯುವಕ ಬಲಿಯಾದ. ಆ ರಾಜ್ಯದಲ್ಲಿ ಅಂಥ ಸಾವು 20 ವರ್ಷಗಳಲ್ಲಿ ಅದೇ ಮೊದಲು. ಅಮೆರಿಕ, ಕೆನಡಾ ಎರಡನ್ನೂ ಸೇರಿಸಿದರೂ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಸತ್ತವರ ಸಂಖ್ಯೆ 30ರ ಆಸುಪಾಸು.

ಹಂದಿ ಬಂದದ್ದು ಹಡಗಿನಲ್ಲಿ

ಈಗ ನಾವು ನಕ್ಕು ಬಿಟ್ಟ ವಿಡಿಯೊಗೆ ಬರೋಣ. ಅಮೆರಿಕದಲ್ಲಿ ಮೂಲತಃ ಹಂದಿಯೇ ಇರಲಿಲ್ಲ. 1539ರಲ್ಲಿ ಸ್ಪೇನಿನ ಹೆರ್ನಾಂಡೊ ಡಿ ಸೊಟೊ ಫ್ಲಾರಿಡಾಕ್ಕೆ ಬಂದಿಳಿದಾಗ ಸೈನಿಕರ ಊಟಕ್ಕೆಂದು ಹಂದಿಗಳನ್ನು ತಂದಿದ್ದ. ಆಮೇಲೆ ಬಂದು ನೆಲೆಸಿದವರೂ ಹಂದಿಗಳನ್ನು ಮೇಯಲು ಬಿಟ್ಟರು, ತಪ್ಪಿಸಿಕೊಂಡವು ಕಾಡು ಸೇರಿದವು. 20ನೇ ಶತಮಾನದಲ್ಲಿ ಬೇಟೆಯ ಶೋಕಿಗೆಂದು ಯುರೋಪಿನ ಕಾಡುಹಂದಿಯನ್ನೂ ತಂದು ಬಿಟ್ಟರು. ಇವೆರಡರ ಬೆರಕೆ ಇಂದಿನ ‘ಫೆರಲ್ ಹಾಗ್’. ಜೀವಶಾಸ್ತ್ರದ ಲೆಕ್ಕದಲ್ಲಿ ನಮ್ಮ ಕಾಡುಹಂದಿಯೂ ಇದೇ ಜಾತಿ. ಆದರೆ ನಮ್ಮದು ಇಲ್ಲಿಯದೇ ಪ್ರಾಣಿ, ಅದನ್ನು ತಿನ್ನಲು ಹುಲಿ, ಚಿರತೆ, ಸೀಳುನಾಯಿಗಳಿವೆ. (ಹಾಗಂತ ಮಲೆನಾಡಿನ ಗದ್ದೆಯವರ ಮುಂದೆ ಹಂದಿಯ ಪರ ಮಾತಾಡುವ ಧೈರ್ಯ ನಮಗಿಲ್ಲ.)

ಅಮೆರಿಕದ ಕೃಷಿ ಇಲಾಖೆಯ ಅಂದಾಜಿನಂತೆ ಅಲ್ಲಿ 60 ಲಕ್ಷಕ್ಕೂ ಹೆಚ್ಚು ಇಂಥ ಹಂದಿಗಳಿವೆ. ಕೃಷಿಗೆ ಆಗುವ ನಷ್ಟ ವರ್ಷಕ್ಕೆ ಸುಮಾರು 250 ಕೋಟಿ ಡಾಲರ್. ಅತಿ ಹೆಚ್ಚು ಕಾಟ ಇರುವ ರಾಜ್ಯಗಳಲ್ಲಿ ಟೆಕ್ಸಸ್ ಮುಂದಿದೆ. ಬಿತ್ತಿದ ಜೋಳದ ಸಾಲನ್ನು ಮೂತಿಯಿಂದ ಕೆದಕುತ್ತಾ ಕಾಳು ಕಾಳನ್ನೂ ಒಂದೇ ರಾತ್ರಿಯಲ್ಲಿ ತಿಂದು ಮುಗಿಸುತ್ತವೆ. ಹಳ್ಳಗಳಲ್ಲಿ ಹೊರಳಿ ನೀರು ಕೆಡಿಸುತ್ತವೆ, ಕಡಲಾಮೆಯ ಮೊಟ್ಟೆಯನ್ನೂ ಬಿಡುವುದಿಲ್ಲ. ಹೆಣ್ಣು ಹಂದಿ ವರ್ಷ ತುಂಬುವ ಮೊದಲೇ ಮರಿ ಹಾಕಲು ತಯಾರು. ಗರ್ಭದ ಅವಧಿ ನಾಲ್ಕು ತಿಂಗಳೂ ಇಲ್ಲ.

ಹಾಗಾದರೆ ಗುಂಡು ಹೊಡೆದು ಮುಗಿಸಬಹುದಲ್ಲ?

ಎಲ್ಲರೂ ನಂಬಿರುವ ಮಾತು ಇದೇ. ಟೆಕ್ಸಸ್ 2011ರಲ್ಲಿ ಹೆಲಿಕಾಪ್ಟರ್‌ನಿಂದ ಹಂದಿ ಹೊಡೆಯಲು ಕಾನೂನು ಮಾಡಿತು, 2017ರಲ್ಲಿ ಬಿಸಿಗಾಳಿ ಬಲೂನಿಗೂ ಅನುಮತಿ ಕೊಟ್ಟಿತು. ಆ ವಿಡಿಯೊ ನಿಜವೇ, ಎಡಿಟಿಂಗ್ ಅಲ್ಲ. ಆದರೂ ಹಂದಿ ಮುಗಿದಿಲ್ಲ. ಹಂದಿಗಳ ಸಂಖ್ಯೆ ಏರದಂತೆ ಹಿಡಿದಿಡಬೇಕಾದರೂ ಪ್ರತಿ ವರ್ಷ ಸುಮಾರು ಮೂರರಲ್ಲಿ ಎರಡು ಪಾಲನ್ನು ತೆಗೆಯಬೇಕು. ಬೇಟೆಗಾರ ಹಿಂಡಿನಲ್ಲಿ ಒಂದೆರಡನ್ನು ಹೊಡೆದರೆ ಉಳಿದವು ಚೆದುರಿ ಓಡುತ್ತವೆ, ಹುಷಾರಾಗುತ್ತವೆ, ರಾತ್ರಿ ಮಾತ್ರ ಹೊರಬರುವುದನ್ನು ಕಲಿಯುತ್ತವೆ.

ಅದಕ್ಕಿಂತ ದೊಡ್ಡ ತೊಂದರೆ ಮನುಷ್ಯರದು. ಟೆನೆಸಿ ರಾಜ್ಯ 1999ರಲ್ಲಿ ‘ಎಷ್ಟು ಬೇಕಾದರೂ ಹೊಡೆಯಿರಿ’ ಎಂದು ರಾಜ್ಯದಾದ್ಯಂತ ಬೇಟೆಗೆ ಬಿಟ್ಟಿತು. ಹಂದಿ ಅತಿ ಹೆಚ್ಚು ಹರಡಿದ್ದು ಆ ನಂತರದ ವರ್ಷಗಳಲ್ಲೇ. ಮೊದಲು ಹಂದಿಯೇ ಇಲ್ಲದ ಜಾಗಗಳಲ್ಲೂ ಕಾಣಿಸತೊಡಗಿತು. ಯಾಕೆಂದರೆ ತಮ್ಮೂರಿನ ಹತ್ತಿರವೂ ಬೇಟೆ ಸಿಗಲಿ ಎಂದು ಕೆಲವರು ಕದ್ದುಮುಚ್ಚಿ ಹಂದಿಗಳನ್ನು ತಂದು ಬಿಟ್ಟಿದ್ದರು! 2011ರಲ್ಲಿ ಆ ರಾಜ್ಯ ಹಂದಿಯನ್ನು ಬೇಟೆ ಪ್ರಾಣಿಗಳ ಪಟ್ಟಿಯಿಂದಲೇ ತೆಗೆದುಹಾಕಿತು. ಕ್ಯಾನ್ಸಾಸ್ 2006ರಲ್ಲೇ ಹಂದಿ ಬೇಟೆಯ ಆಟವನ್ನು ನಿಷೇಧಿಸಿ, ಇಲಾಖೆಯವರ ಕೈಯಲ್ಲೇ ಹಂದಿ ಹಿಡಿಸಿತು. ಅಲ್ಲಿ ಇಂದಿಗೂ ಹಂದಿ ಕಡಿಮೆ.

ಕೆಲಸ ಮಾಡುವ ಉಪಾಯ ನೋಡಲು ಬೋರು. ದೊಡ್ಡ ದೊಡ್ಡಿಯಂಥ ಬೋನು ಕಟ್ಟಿ, ದಿನಗಟ್ಟಲೆ ಜೋಳ ಹಾಕಿ ಅಭ್ಯಾಸ ಮಾಡಿಸಿ, ಕ್ಯಾಮೆರಾದಲ್ಲಿ ನೋಡುತ್ತಾ ಕಾಯುವುದು. ಹಿಂಡಿನ ಕೊನೆಯ ಮರಿಯೂ ಒಳಗೆ ಬಂದ ಮೇಲೆ ಫೋನಿನಿಂದಲೇ ಬಾಗಿಲು ಬೀಳಿಸುವುದು. ಇದರ ವಿಡಿಯೊ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಪೂಮಾ ಇದ್ದರೆ ಹಂದಿ ತಾನೇ ಕಡಿಮೆಯಾಗುತ್ತದೆ ಎಂಬ ವಾದವೂ ಇದೆ. ಅರ್ಧ ಸತ್ಯ. ಫ್ಲಾರಿಡಾದ ಪ್ಯಾಂಥರ್‌ಗೆ ಹಂದಿ ಮುಖ್ಯ ಆಹಾರಗಳಲ್ಲೊಂದು. ಆದರೆ ಟೆಕ್ಸಸ್‌ನ ಪೂರ್ವ ಭಾಗದಲ್ಲಿ ಹಂದಿ ದಂಡಿಯಾಗಿದೆ, ಪೂಮಾ ನೆಲೆಯೂರಿಲ್ಲ. ಜೊತೆಗೆ ಆ ರಾಜ್ಯದಲ್ಲಿ ಪೂಮಾ ಬೇಟೆಗೆ ಇಂದಿಗೂ ಋತುವಿನ ಕಟ್ಟುಪಾಡಿಲ್ಲ, ಸಂಖ್ಯೆಯ ಮಿತಿಯೂ ಇಲ್ಲ. ಬೋನಿಟ್ಟವರು 36 ಗಂಟೆಗೊಮ್ಮೆ ನೋಡಬೇಕು ಎಂಬ ನಿಯಮ ಬಂದದ್ದೇ 2024ರಲ್ಲಿ. ಹಂದಿ ತಿನ್ನುವ ಪ್ರಾಣಿಯನ್ನೂ ಹೊಡೆದು, ಹಂದಿ ಜಾಸ್ತಿಯಾಯಿತು ಎಂದು ಗೊಣಗುವುದು ನಮಗಂತೂ ವಿಚಿತ್ರವಾಗಿ ಕಾಣುತ್ತದೆ.

ಆನೆಗಾತ್ರದ ಹಂದಿಯ ಫೋಟೊ

ಈ ಫೋಟೊಗಳ ಬಗ್ಗೆಯೂ ಒಂದು ಮಾತು. 2004ರಲ್ಲಿ ಜಾರ್ಜಿಯಾದಲ್ಲಿ ಹೊಡೆದ ‘ಹಾಗ್‌ಜಿಲ್ಲಾ’ 12 ಅಡಿ ಉದ್ದ ಇತ್ತು ಎಂದು ಸುದ್ದಿಯಾಯಿತು. ಹೂತದ್ದನ್ನು ಅಗೆದು ನೋಡಿದ ತಜ್ಞರಿಗೆ ಸಿಕ್ಕ ಅಳತೆ 8 ಅಡಿಯ ಆಸುಪಾಸು. 2007ರಲ್ಲಿ ಅಲಬಾಮಾದಲ್ಲಿ ಹುಡುಗನೊಬ್ಬ ಹೊಡೆದ ‘ರಾಕ್ಷಸ ಹಂದಿ’ಯ ಕಥೆ ಇನ್ನೂ ಸ್ವಾರಸ್ಯ. ಅದು ಫಾರ್ಮ್ ಒಂದರಲ್ಲಿ ಸಾಕಿದ್ದ ಹಂದಿ, ಹೆಸರು ಫ್ರೆಡ್! ಬೇಟೆಗೆ ಕೆಲವೇ ದಿನ ಮೊದಲು ಅದನ್ನು ಕೊಂಡು ಬೇಲಿಯೊಳಗೆ ಬಿಟ್ಟಿದ್ದರು. ಇಂಥ ಫೋಟೊಗಳಲ್ಲಿ ಬೇಟೆಗಾರ ಪ್ರಾಣಿಯಿಂದ ನಾಲ್ಕಾರು ಅಡಿ ಹಿಂದೆ ಕೂತರೆ ಸಾಕು, ಹಂದಿ ಆನೆಯಾಗುತ್ತದೆ.

ಅಲ್ಲಿರುವ ನಿಮ್ಮವರಿಗೆ ಕಳಿಸುವುದಾದರೆ ಇದನ್ನು ಕಳಿಸಿ. ಪೂಮಾ ಎದುರಾದರೆ ಓಡಬೇಡಿ, ಬಗ್ಗಬೇಡಿ. ಮಕ್ಕಳನ್ನು ಎತ್ತಿಕೊಂಡು, ಕೈ ಮೇಲೆತ್ತಿ ದೊಡ್ಡದಾಗಿ ಕಾಣಿಸಿ, ಜೋರಾಗಿ ಕೂಗಿ. ಮೈಮೇಲೆ ಬಿದ್ದರೆ ಎದುರಿಸಿ ಹೊಡೆಯಿರಿ. ಹಂದಿ ಎದುರಾದರೆ ದಾರಿ ಬಿಡಿ, ತಾಯಿ ಮತ್ತು ಮರಿಗಳ ನಡುವೆ ಹೋಗಬೇಡಿ, ಮರವನ್ನೋ ಕಾರನ್ನೋ ಹತ್ತಿ. 2019ರಲ್ಲಿ ಟೆಕ್ಸಸ್‌ನ ಆನಹುವಾಕ್‌ನಲ್ಲಿ ಒಬ್ಬ ಮಹಿಳೆ ಹಂದಿಗಳ ದಾಳಿಗೆ ಪ್ರಾಣ ಬಿಟ್ಟಿದ್ದಾರೆ. ಅಂಥದ್ದು ಅಪರೂಪ, ರಾತ್ರಿ ರಸ್ತೆಯಲ್ಲಿ ಕಾರಿಗೆ ಹಂದಿ ಅಡ್ಡ ಬರುವುದು ಅಪರೂಪವಲ್ಲ. ಜಿಂಕೆಯ ಕಣ್ಣು ಹೆಡ್‌ಲೈಟಿಗೆ ಹೊಳೆಯುತ್ತದೆ, ಹಂದಿಯದು ಹಾಗೆ ಹೊಳೆಯುವುದಿಲ್ಲ. ಮೈ ಬೇರೆ ಕಪ್ಪು, ಎತ್ತರವೂ ಕಡಿಮೆ. ಯಾರಾದರೂ ಬೇಟೆಯ ಮಾಂಸ ಕೊಟ್ಟರೆ ಕೈಗವಸು ಹಾಕಿಕೊಂಡೇ ಮುಟ್ಟಿ, 71 ಡಿಗ್ರಿ ಸೆಲ್ಸಿಯಸ್ ಒಳಗಿನವರೆಗೂ ತಲುಪುವಂತೆ ಬೇಯಿಸಿ. ಪದೇ ಪದೇ ಜ್ವರ, ಕೀಲುನೋವು ತರುವ ಬ್ರೂಸೆಲ್ಲಾ ಬ್ಯಾಕ್ಟೀರಿಯಾ ಈ ಹಂದಿಗಳಲ್ಲಿರುತ್ತದೆ, ಫ್ರೀಜರ್‌ನಲ್ಲಿಟ್ಟ ಮಾತ್ರಕ್ಕೆ ಅದು ಸಾಯುವುದಿಲ್ಲ.